ಮೋಕ್ಷಮೂಲರಶಬ್ದ: ಒಂದು ಜರ್ಮನ್ ವೃತ್ತಿನಾಮದ ವಿಮರ್ಶೆ

೧

ಸಾಯಣಭಾಷ್ಯಸಮೇತವಾದ ಋಗ್ವೇದಸಂಹಿತೆಯನ್ನು ೧೮೪೯ರಿಂದ ೧೮೭೪ರವರೆಗೆ ಆರು ಸಂಪುಟಗಳಲ್ಲಿ ಪ್ರಕಟಿಸಿದ ಫ್ರೀಡ್ರಿಖ್ ಮ್ಯಾಕ್ಸ್ ಮುಲ್ಲರ್ ಪಂಡಿತರ (೧೮೨೩–೧೯೦೦) ಹೆಸರು ಭಾರತೀಯ ವಿದ್ವಾಂಸರಲ್ಲಿ ‘ಮೋಕ್ಷಮೂಲರ’ ಎಂದು ರೂಢವಾದುದು ವಿದಿತವೇ ಆಗಿದೆ. ಈ ರೂಪವು ಕೇವಲ ಇಲ್ಲಿಯವರ ಉಚ್ಚಾರಣಸೌಕರ್ಯದಿಂದ ಹುಟ್ಟಿದುದಲ್ಲ. ಗ್ರಂಥದ ಸಂಸ್ಕೃತ ಮುಖಪತ್ರದಲ್ಲಿ ಸ್ವತಃ ಅವರೇ ತಮ್ಮನ್ನು ಹೀಗೆ ಕರೆದುಕೊಂಡಿದ್ದಾರೆ. ಅಲ್ಲಿಯೇ ತಮ್ಮ ಜನ್ಮದೇಶವಾದ ಜರ್ಮನಿಯನ್ನು ಶಾರ್ಮಣ್ಯದೇಶವೆಂದೂ, ವಾಸಸ್ಥಾನವಾದ ಆಕ್ಸ್‌ಫರ್ಡನ್ನು ಗೋತೀರ್ಥವೆಂದೂ ಸಂಸ್ಕರಿಸಿದ್ದಾರೆ. ಈ ಹೆಸರಿಗೆ ಭಟ್ಟಶಬ್ದವನ್ನು ಸೇರಿಸಿ ವ್ಯವಹರಿಸಿದ ಪಂಡಿತರೂ ಉಂಟು.

ಈ ಮೂರು ಹೆಸರುಗಳಲ್ಲಿ ಅನುಸರಿಸಿದ ಮಾರ್ಗವು ಒಂದೇ ಅಲ್ಲವೆಂಬುದನ್ನು ಮೊದಲು ಗಮನಿಸತಕ್ಕುದು. ಗೋತೀರ್ಥವೆಂಬುದು ಅರ್ಥಾನುವಾದ, ಎತ್ತುಗಳು ಹೊಳೆ ದಾಟುವ ಸ್ಥಳವೆಂದೇ ಆ ಇಂಗ್ಲಿಷ್ ಊರಿನ ಹೆಸರಿಗೆ ಅರ್ಥ. ಶಾರ್ಮಣ್ಯವೂ ಮೋಕ್ಷಮೂಲರವೂ ಧ್ವನಿಯ ಅನುಕರಣಗಳು. ಧ್ವನಿಯ ಅನುಕರಣದಲ್ಲಿ ಮೂಲಾರ್ಥವು ಮರೆಯಾಗುವುದು ಸಹಜ. ಆದರೆ ಇಲ್ಲಿ ಮರೆಯಾದುದರ ಜೊತೆಗೆ ಹೊಸದೊಂದು ಅರ್ಥವೂ ಬಂದು ಕುಳಿತಿದೆ. ವೇದವನ್ನು ಮುದ್ರಿಸಿದವರ ಹೆಸರಿನಲ್ಲಿ ಮೋಕ್ಷವೂ ಮೂಲವೂ ಇರುವುದನ್ನು ಕಂಡವರು ‘ಹೆಸರಿಗೆ ತಕ್ಕ ಪುರುಷ’ ಎಂದು ಮೆಚ್ಚುವುದು ಸ್ವಾಭಾವಿಕವೇ. ವಾಸ್ತವದಲ್ಲಿ ಆ ಹೆಸರಿನೊಳಗೆ ಇರುವುದು ಮೋಕ್ಷವಲ್ಲ, ಹಿಟ್ಟು. ಮುಲ್ಲರ್ ಎಂದರೆ ಜರ್ಮನ್ ಭಾಷೆಯಲ್ಲಿ ಧಾನ್ಯವನ್ನು ಬೀಸುವ ಗಿರಣಿಯವನು.

ಮನೆತನದ ಹೆಸರುಗಳ ವಿಚಾರದಲ್ಲಿ ಎರಡು ಪ್ರಮಾದಗಳು ಪದೇ ಪದೇ ಕಾಣಬರುತ್ತವೆ. ಶಬ್ದದ ಧ್ವನಿಯಿಂದಲೇ ವ್ಯುತ್ಪತ್ತಿಯನ್ನು ನಿಶ್ಚಯಿಸುವುದು ಒಂದು. ವ್ಯುತ್ಪತ್ತಿಯು ಗೊತ್ತಾದೊಡನೆ ಆ ಹೆಸರನ್ನು ಹೊತ್ತವನ ಕುಲವೂ ಕಸುಬೂ ಗೊತ್ತಾಯಿತೆಂದು ಭಾವಿಸುವುದು ಇನ್ನೊಂದು. ಈ ಎರಡನ್ನೂ ಪರೀಕ್ಷಿಸಲು ಮುಲ್ಲರ್ ಶಬ್ದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯುವುದು ದುರ್ಲಭ. ಅದರ ಮೂಲವು ನಿಸ್ಸಂದಿಗ್ಧ. ಅದರ ಪ್ರಸಾರವು ಅಸಾಧಾರಣ.

೨

ಮುಲ್ಲರ್ ಶಬ್ದದ ಪ್ರಾಚೀನ ಜರ್ಮನ್ ರೂಪ ‘ಮುಲಿನಾರಿ’. ಇದು ‘ಮುಲಿನ್’ ಎಂದರೆ ಬೀಸುವ ಯಂತ್ರವೆಂಬ ಶಬ್ದಕ್ಕೆ ‘ಆರಿ’ ಎಂಬ ಕರ್ತೃವಾಚಕ ಪ್ರತ್ಯಯವು ಸೇರಿ ಆದುದು. ಪ್ರಕೃತಿ ಪ್ರತ್ಯಯಗಳೆರಡೂ ಲ್ಯಾಟಿನ್ ಭಾಷೆಯಿಂದ ಬಂದುವು: ‘ಮೊಲಿನ’ ಯಂತ್ರ, ‘ಮೊಲಿನಾರಿಯುಸ್’ ಅದನ್ನು ನಡೆಸುವವನು. ಸಂಸ್ಕೃತದ ಕಾರಶಬ್ದವು ಕನ್ನಡದಲ್ಲಿ ಗಾರವಾಗಿ, ಬಳೆಗಾರ, ಹೂಗಾರ ಎಂದು ದೇಶ್ಯಶಬ್ದಗಳಿಗೂ ಹತ್ತಿಕೊಂಡಂತೆ, ಲ್ಯಾಟಿನ್ ಪ್ರತ್ಯಯವು ಜರ್ಮನ್ ಭಾಷೆಯಲ್ಲಿ ಬೇರೂರಿ ನೂರಾರು ವೃತ್ತಿವಾಚಕಗಳಿಗೆ ಕಾರಣವಾಯಿತು. ಮಧ್ಯಯುಗದಲ್ಲಿ ಮುಂದಿನ ಇಕಾರದ ಪ್ರಭಾವದಿಂದ ಮೊದಲ ಸ್ವರವು ಉಕಾರ ಇಕಾರಗಳ ನಡುವಣ ಧ್ವನಿಯಾಗಿ ‘ಮ್ಯುಲ್ನೆರ್’ ಎಂಬ ರೂಪ ಬಂದಿತು. ಆಮೇಲೆ, ಕನ್ನಡದಲ್ಲಿ ಕರ್ಪು ಕಪ್ಪಾದಂತೆ, ಒತ್ತಕ್ಷರವು ಸಮೀಕರಣ ಹೊಂದಿ ಲಕಾರದ್ವಿತ್ವ ಉಂಟಾಯಿತು. ಕನ್ನಡದ ಮುಲ್ಲರ್ ರೂಪದಲ್ಲಿ ಆ ನಡುವಣ ಸ್ವರವು ಉಳಿಯದಿದ್ದರೂ ದ್ವಿತ್ವವು ಉಳಿದಿದೆ. ಮೋಕ್ಷಮೂಲರದಲ್ಲಿ ಅದೂ ಇಲ್ಲ.

ಇಲ್ಲಿ ವೇದಾಭ್ಯಾಸಿಗಳಿಗೆ ವಿಶೇಷವಾಗಿ ರುಚಿಸಬಹುದಾದ ಒಂದು ಸಂಗತಿಯಿದೆ. ಲ್ಯಾಟಿನ್ ಶಬ್ದವು ಬರುವ ಮುನ್ನ ಜರ್ಮಾನಿಕ ಜನರಲ್ಲಿ ಬೀಸುವ ಕಲ್ಲಿಗೆ ತಮ್ಮದೇ ಆದ ಹೆಸರಿತ್ತು. ಗಾಥಿಕ್ ಭಾಷೆಯ ‘ಕ್ವೈರ್ನುಸ್’, ಇಂಗ್ಲಿಷಿನ ‘ಕ್ವರ್ನ್’ ಅದರ ರೂಪಗಳು. ಅದು ಮನೆಯಲ್ಲಿ ಕೈಯಿಂದ ತಿರುಗಿಸುವ ಕಲ್ಲು. ನೀರಿನ ಬಲದಿಂದ ತಿರುಗುವ ಯಂತ್ರವು ರೋಮನರಿಂದ ಬಂದಾಗ ಯಂತ್ರದೊಡನೆ ಹೆಸರೂ ಬಂದು ಹಳೆಯ ಶಬ್ದವನ್ನು ಬದಿಗೊತ್ತಿತು. ಹೀಗೆ ಬದಿಗೊತ್ತಲ್ಪಟ್ಟ ಶಬ್ದವು ಸಂಸ್ಕೃತದ ‘ಗ್ರಾವನ್’ ಎಂಬುದಕ್ಕೆ ಸಜಾತೀಯ. ಸೋಮವನ್ನು ಜಜ್ಜುವ ಕಲ್ಲುಗಳೇ ಗ್ರಾವಗಳು. ಋಗ್ವೇದದ ಹತ್ತನೆಯ ಮಂಡಲದ ೯೪ನೆಯ ಸೂಕ್ತವು ಅವುಗಳನ್ನೇ ಸ್ತುತಿಸುತ್ತದೆ. ಆದುದರಿಂದ ಋಗ್ವೇದದೊಡನೆ ಸಂಬಂಧವಿರುವ ಶಬ್ದವು ಜರ್ಮನರಲ್ಲಿ ಇದ್ದುದು ನಿಜ. ಆದರೆ ಅದು ಮುಲ್ಲರ್ ಅಲ್ಲ, ಮುಲ್ಲರಿನ ಮೂಲವು ಬಂದು ಹೊರದೂಡಿದ ಶಬ್ದ. ಧ್ವನಿಸಾಮ್ಯವು ಕಾಣಿಸಿದ ಮೋಕ್ಷದ ನಂಟು ಹುಸಿಯಾಗಿ, ಧ್ವನಿಸಾಮ್ಯವು ಸ್ವಲ್ಪವೂ ಕಾಣದ ಎಡೆಯಲ್ಲಿ ನಿಜವಾದ ನಂಟು ದೊರೆಯುವುದು ಶಬ್ದಶಾಸ್ತ್ರದಲ್ಲಿ ಅಪೂರ್ವವೇನೂ ಅಲ್ಲ.

ಹೆಸರನ್ನು ಶಾಸ್ತ್ರಭಾಷೆಗೆ ತಿರುಗಿಸಿಕೊಳ್ಳುವ ಪದ್ಧತಿಯೂ ಜರ್ಮನ್ ವಿದ್ವಾಂಸರಿಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಅಲ್ಲಿನ ಪಂಡಿತರು ತಮ್ಮ ಗ್ರಾಮ್ಯವಾದ ಹೆಸರುಗಳನ್ನು ಲ್ಯಾಟಿನ್ ಗ್ರೀಕ್ ಭಾಷೆಗಳಿಗೆ ಪರಿವರ್ತಿಸಿಕೊಂಡರು. ಬೀಸುವವರು ಮೊಲಿಟೋರ್, ಕಮ್ಮಾರರು ಫಾಬ್ರಿಕಿಯುಸ್, ನೇಕಾರರು ಟೆಕ್ಸ್ಟೋರ್ ಆದರು. ಮಹಾಕವಿ ಗಯ್ಟೆಯ ತಾಯಿಯ ಮನೆತನ ಟೆಕ್ಸ್ಟೋರರದು, ಅದರ ಹಿಂದಿನ ಹೆಸರು ವೇಬರ್. ಆದರೆ ಇವೆಲ್ಲ ಅರ್ಥಾನುವಾದಗಳು. ಭಾಷೆ ಬದಲಾದರೂ ಕಸುಬು ಉಳಿಯಿತು. ಮ್ಯಾಕ್ಸ್ ಮುಲ್ಲರ್ ಅವರು ಆ ಮಾರ್ಗವನ್ನು ಹಿಡಿದಿದ್ದರೆ ಬೀಸುಗಲ್ಲನ್ನು ಹೇಳುವ ಘರಟ್ಟಶಬ್ದದಿಂದ ಹೆಸರೊಂದನ್ನು ಕಟ್ಟಿಕೊಳ್ಳಬೇಕಾಗುತ್ತಿತ್ತು. ಅವರು ಧ್ವನಿಮಾರ್ಗವನ್ನು ಹಿಡಿದುದರಿಂದ ಪಂಡಿತಮಂಡಲಿಗೆ ಇಂಪಾದ ಹೆಸರು ಸಿಕ್ಕಿತು. ಗಿರಣಿಯ ಸದ್ದು ಮಾತ್ರ ಅಡಗಿಹೋಯಿತು.

೩

ಇನ್ನು ಈ ಹೆಸರಿನ ಪ್ರಸಾರ. ಜರ್ಮನಿಯಲ್ಲಿ ಅತ್ಯಧಿಕವಾಗಿರುವ ಮನೆತನದ ಹೆಸರು ಮುಲ್ಲರ್. ಸ್ವಿಟ್ಸರ್ಲೆಂಡಿನಲ್ಲಿಯೂ ಅದೇ ಪ್ರಥಮ. ಜರ್ಮನಿಯಲ್ಲಿ ಅದರ ಹಿಂದೆ ಬರುವ ಹೆಸರುಗಳು ಅನುಕ್ರಮವಾಗಿ ಶ್ಮಿಟ್ (ಕಮ್ಮಾರ), ಶ್ನೈಡರ್ (ದರ್ಜಿ), ಫಿಷರ್ (ಮೀನುಗಾರ), ವೇಬರ್ (ನೇಕಾರ), ಮೈಯರ್ (ಭೂಸ್ವಾಮಿಯ ಪಾರುಪತ್ಯಗಾರ), ವಾಗ್ನರ್ (ಗಾಡಿ ಮಾಡುವವನು), ಬೆಕರ್ (ರೊಟ್ಟಿ ಸುಡುವವನು), ಶುಲ್ಟ್ಸ್ (ಗ್ರಾಮಾಧಿಕಾರಿ), ಹೋಫ್‌ಮನ್ (ಭೂಸ್ವಾಮಿಯ ಹೊಲಮನೆಗೆ ಸೇರಿದವನು). ಮೊದಲ ಹತ್ತೂ ಕಸುಬನ್ನೋ ಅಧಿಕಾರವನ್ನೋ ಹೇಳುವ ಹೆಸರುಗಳೇ ಆಗಿವೆ.

ಮುಲ್ಲರ್ ಎಂಬ ಹೆಸರು ಇಷ್ಟು ಹೆಚ್ಚಾಗಿರುವುದರಿಂದ ಮಧ್ಯಯುಗದ ಜರ್ಮನರಲ್ಲಿ ಬೀಸುವವರೇ ಬಹುಸಂಖ್ಯಾತರೆಂದು ಊಹಿಸುವುದು ತಪ್ಪು. ಬಹುಸಂಖ್ಯಾತರು ರೈತರು, ಆದರೂ ರೈತನೆಂಬರ್ಥದ ಬಾವರ್ ಎಂಬ ಹೆಸರು ಮುಲ್ಲರಿಗಿಂತ ಬಹಳ ಹಿಂದೆ ಉಳಿದಿದೆ. ಹೆಸರು ಹುಟ್ಟುವುದು ಒಬ್ಬನನ್ನು ಇತರರಿಂದ ಬೇರ್ಪಡಿಸಿ ಹೇಳುವುದಕ್ಕಾಗಿ. ಊರಿನಲ್ಲಿ ಹತ್ತು ಜನ ಹಾನ್ಸ್ ಎಂಬವರಿದ್ದು ಒಂಬತ್ತು ಮಂದಿ ಉಳುವವರಾದರೆ ‘ರೈತ ಹಾನ್ಸ್’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ‘ಗಿರಣಿಯ ಹಾನ್ಸ್’ ಎಂದೊಡನೆ ಗುರುತು ಸಿಕ್ಕುತ್ತದೆ. ಹೀಗೆ, ಊರಿಗೆ ಒಬ್ಬನೇ ಇದ್ದು ಎಲ್ಲ ಊರುಗಳಲ್ಲಿಯೂ ಇದ್ದ ಕಸುಬುದಾರನ ಹೆಸರು ದೇಶದಲ್ಲೆಲ್ಲ ಬೆಳೆಯಿತು. ಊರಿನಲ್ಲಿ ವಿರಳವಾದುದು ನಾಡಿನಲ್ಲಿ ವಿಪುಲವಾಗುವ ಈ ವೈಚಿತ್ರ್ಯವೇ ವೃತ್ತಿನಾಮಗಳ ಪ್ರಸಾರಕ್ಕೆ ಮುಖ್ಯ ಸೂತ್ರ. ಇದಕ್ಕೆ ಭೂಸ್ವಾಮಿಗಳ ಕಟ್ಟಳೆಯೂ ನೆರವಾಯಿತು. ಅನೇಕ ಕಡೆಗಳಲ್ಲಿ ಪ್ರಜೆಗಳು ತಮ್ಮ ಧಾನ್ಯವನ್ನು ಒಡೆಯನು ಗೊತ್ತುಮಾಡಿದ ಗಿರಣಿಯಲ್ಲಿಯೇ ಬೀಸಿಸಬೇಕಾಗಿದ್ದಿತು. ಆದಕಾರಣ ಗಿರಣಿಯವನನ್ನು ಅರಿಯದ ಮನೆಯೇ ಇರಲಿಲ್ಲ.

ಇದರಿಂದಲೇ, ಎಲ್ಲ ಮುಲ್ಲರರೂ ಒಬ್ಬ ಮೂಲಪುರುಷನ ಸಂತಾನವಲ್ಲವೆಂಬುದೂ ಸಿದ್ಧವಾಗುತ್ತದೆ. ಒಂದೊಂದು ಊರಿನಲ್ಲಿ ಒಂದೊಂದು ಸಲ, ಪರಸ್ಪರ ಸಂಬಂಧವಿಲ್ಲದೆ, ಈ ಹೆಸರು ಹುಟ್ಟಿದೆ. ಅದರ ರೂಪಭೇದಗಳೂ ಇದನ್ನೇ ಸಮರ್ಥಿಸುತ್ತವೆ. ಉತ್ತರದ ತಗ್ಗುನಾಡಿನಲ್ಲಿ ಮೋಲರ್, ದಕ್ಷಿಣದಲ್ಲಿ ಮಿಲ್ಲರ್, ಮ್ಯುಲ್ನರ್ ಎಂಬ ರೂಪಗಳಿವೆ. ಡೆನ್ಮಾರ್ಕಿನಲ್ಲಿ ‘ಇಂಥವನ ಮಗ’ ಎಂಬರ್ಥದ ಸೆನ್ ಪ್ರತ್ಯಯಾಂತ ಹೆಸರುಗಳನ್ನು ಬಿಟ್ಟರೆ ಮೋಲರ್ ಎಂಬುದೇ ಎಲ್ಲಕ್ಕಿಂತ ಹೆಚ್ಚು. ದರ್ಜಿಗೆ ದಕ್ಷಿಣದಲ್ಲಿ ಶ್ನೈಡರ್, ಉತ್ತರದಲ್ಲಿ ಶ್ರೋಡರ್. ಫ್ರೈಬುರ್ಗ್ ಮತ್ತು ಮೈಂಟ್ಸ್ ವಿಶ್ವವಿದ್ಯಾಲಯಗಳ ವಿದ್ವಾಂಸರು ೨೦೦೫ರ ದೂರವಾಣಿದಾರರ ಪಟ್ಟಿಯನ್ನು ಆಧಾರವಾಗಿಟ್ಟು, ೨೦೦೯ರಿಂದ ಸಂಪುಟಗಳಾಗಿ ಪ್ರಕಟಿಸಿದ ಜರ್ಮನ್ ಮನೆತನಗಳ ಹೆಸರಿನ ಭೂಪಟಗಳಲ್ಲಿ ಮಧ್ಯಯುಗದ ಉಪಭಾಷೆಗಳ ಎಲ್ಲೆಗಳು ಇಂದಿಗೂ ಗುರುತಿಸುವಂತಿವೆ. ಕಸುಬು ಅಳಿದರೂ, ಆ ಕಸುಬನ್ನು ಯಾವ ನಾಡುನುಡಿಯಲ್ಲಿ ಕರೆದರೆಂಬುದು ಹೆಸರಿನಲ್ಲಿ ಅಳಿಯಲಿಲ್ಲ.

ಈ ಹೆಸರಿನ ಅತಿಪ್ರಸಾರವೇ ಋಗ್ವೇದಸಂಪಾದಕರ ಹೆಸರಿನ ಮೇಲೂ ಪರಿಣಾಮ ಮಾಡಿತು. ಮ್ಯಾಕ್ಸ್ ಎಂಬುದು ಅವರಿಗೆ ಇಟ್ಟ ಹೆಸರುಗಳಲ್ಲಿ ಒಂದು. ಕಾರ್ಲ್ ಮಾರಿಯ ಫಾನ್ ವೇಬರನ ಗೀತನಾಟಕವೊಂದರ ನಾಯಕನಿಂದ ಅದನ್ನು ತೆಗೆದುಕೊಂಡಿತ್ತು. ಮುಲ್ಲರ್ ಎಂಬ ಹೆಸರೊಂದರಿಂದ ಗುರುತು ಸಾಲದೆಂದು ಅವರು ಮ್ಯಾಕ್ಸ್ ಮುಲ್ಲರ್ ಎಂಬೆರಡನ್ನೂ ಕೂಡಿಸಿ ಮನೆತನದ ಹೆಸರನ್ನಾಗಿ ಮಾಡಿಕೊಂಡರು. ಹಾಗೆ ಕೂಡಿಸಿರದಿದ್ದರೆ ‘ಮೋಕ್ಷ’ಕ್ಕೆ ಎಡೆಯೇ ಇರುತ್ತಿರಲಿಲ್ಲ. ಮೋಕ್ಷಮೂಲರಶಬ್ದದ ಪೂರ್ವಾರ್ಧವು ನಾಟಕದ ಪಾತ್ರದಿಂದಲೂ ಉತ್ತರಾರ್ಧವು ಹಿಟ್ಟಿನ ಗಿರಣಿಯಿಂದಲೂ ಬಂದುವೆಂದು ಹೇಳಿದರೆ ಅದರ ಇತಿಹಾಸವು ಮುಗಿಯುತ್ತದೆ.

೪

ವೃತ್ತಿನಾಮವು ಹೊತ್ತವನ ವೃತ್ತಿಯನ್ನು ಹೇಳುವುದೇ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಮ್ಯಾಕ್ಸ್ ಮುಲ್ಲರರ ಮನೆತನವೇ ಉತ್ತರ. ಅವರ ತಂದೆ ವಿಲ್ಹೆಲ್ಮ್ ಮುಲ್ಲರ್ (೧೭೯೪–೧೮೨೭) ಪ್ರಸಿದ್ಧ ಭಾವಗೀತಕಾರ. ತಾತನು ಡೆಸ್ಸೌ ನಗರದಲ್ಲಿ ದರ್ಜಿ. ಹೆಸರು ಗಿರಣಿಯದು, ತಾತನ ಕೈಯಲ್ಲಿ ಸೂಜಿ, ಮಗನ ಕೈಯಲ್ಲಿ ಕವಿಯ ಲೇಖನಿ, ಮೊಮ್ಮಗನ ಕೈಯಲ್ಲಿ ವೇದದ ತಾಳೆನೋಟ. ಮೂರು ತಲೆಗಳಲ್ಲಿ ಒಬ್ಬನೂ ಬೀಸಿದವನಲ್ಲ.

ವಿಲ್ಹೆಲ್ಮ್ ಮುಲ್ಲರನ ಕೀರ್ತಿಗೆ ಮುಖ್ಯ ಕಾರಣವಾದ ಗೀತಮಾಲಿಕೆಯ ವಸ್ತು ಗಿರಣಿಯ ಚೆಲುವೆಯನ್ನು ಪ್ರೀತಿಸಿ ಭಗ್ನಹೃದಯನಾದ ಒಬ್ಬ ಗಿರಣಿಯಾಳಿನ ಕಥೆ. ೧೮೧೬ರಲ್ಲಿ ಬರ್ಲಿನ್ ನಗರದ ಒಂದು ಸ್ನೇಹಮಂಡಲಿಯಲ್ಲಿ ಪಾತ್ರಗಳನ್ನು ಹಂಚಿಕೊಂಡು ಹಾಡುವ ವಿನೋದವಾಗಿ ಅದು ಆರಂಭವಾಯಿತು. ಗಿರಣಿಯಾಳಿನ ಪಾತ್ರವು ಹೆಸರಿನ ನಿಮಿತ್ತವಾಗಿಯೇ ಮುಲ್ಲರನ ಪಾಲಿಗೆ ಬಂದಿತು. ಮುಂದೆ ೧೮೨೩ರಲ್ಲಿ, ಮ್ಯಾಕ್ಸ್ ಮುಲ್ಲರ್ ಹುಟ್ಟಿದ ವರ್ಷದಲ್ಲಿಯೇ, ಶೂಬರ್ಟನು ಆ ಗೀತಗಳಿಗೆ ರಾಗಸಂಯೋಜನೆ ಮಾಡಿದನು. ದರ್ಜಿಯ ಮಗನು ತನ್ನ ಹೆಸರಿನ ಅರ್ಥವನ್ನು ವೇಷದಂತೆ ಧರಿಸಿ ಆಡಿದನೆಂಬುದು ಇಲ್ಲಿ ಗಮನಾರ್ಹ. ಹೆಸರು ಕಸುಬಿನಿಂದ ಪೂರ್ಣವಾಗಿ ಬಿಡುಗಡೆ ಹೊಂದಿದ್ದುದರಿಂದಲೇ ಈ ಲೀಲೆ ಸಾಧ್ಯವಾಯಿತು. ಕಟ್ಟಿಹಾಕುವ ಹೆಸರಿನೊಡನೆ ಯಾರೂ ಹೀಗೆ ಆಡಲಾರರು.

ಈ ಬಿಡುಗಡೆ ಸುಲಭವಾಗಿ ಬಂದುದಲ್ಲ. ಮಧ್ಯಯುಗದ ಜರ್ಮನಿಯ ಹಲವು ಕಡೆಗಳಲ್ಲಿ ಬೀಸುವವನ ಕಸುಬು ಮರ್ಯಾದೆಯ ಕಸುಬೆಂದು ಎಣಿಕೆಯಾಗಿರಲಿಲ್ಲ. ಅಳತೆಯಲ್ಲಿ ಮೋಸಮಾಡುವನೆಂಬ ಅಪವಾದವು ಅವನಿಗೆ ತಪ್ಪಿದುದಲ್ಲ. ಅವನ ಮಕ್ಕಳನ್ನು ಇತರ ಕಸುಬಿನ ಸಂಘಗಳು ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ನಾರುಬಟ್ಟೆಯ ನೇಕಾರರು, ಕುರುಬರು, ಬೀಸುವವರು ಮುಂತಾದವರ ಮಕ್ಕಳನ್ನು ಸಂಘಗಳಿಂದ ಹೊರಗಿಡಕೂಡದೆಂದು ೧೫೪೮ರ ಸಾಮ್ರಾಜ್ಯಶಾಸನದಲ್ಲಿ ವಿಧಿಸಬೇಕಾಯಿತು. ಅಂಥ ಕಸುಬಿನ ಹೆಸರೇ ಇಂದು ದೇಶದಲ್ಲಿ ಮೊದಲನೆಯದು. ಅದರಲ್ಲಿ ಹಿಂದಿನ ಕಳಂಕದ ಲೇಶವೂ ಯಾರಿಗೂ ತೋರುವುದಿಲ್ಲ.

ಆದಕಾರಣ ಜರ್ಮನರ ವೃತ್ತಿನಾಮಗಳನ್ನು ಕನ್ನಡದಲ್ಲಿ ‘ಕುಲವೃತ್ತಿನಾಮ’ವೆಂದು ಹೇಳುವುದು ಸಾಧುವಲ್ಲ. ಕನ್ನಡನಾಡಿನಲ್ಲಿ ಕಮ್ಮಾರ, ಕುಂಬಾರ, ಗಾಣಿಗ ಎಂಬುವು ಸಮುದಾಯದ ಹೆಸರುಗಳು. ಕಸುಬನ್ನು ಬಿಟ್ಟವನನ್ನೂ ಆ ಹೆಸರು ಬಿಡುವುದಿಲ್ಲ. ವಿವಾಹಾದಿ ಸಂಬಂಧಗಳು ಬಹುಮಟ್ಟಿಗೆ ಅದರ ಮಿತಿಯೊಳಗೇ ನಡೆದುಬಂದಿವೆ. ಜರ್ಮನಿಯಲ್ಲಿ ಶ್ಮಿಟ್ ಎಂಬುದು ಹೆಸರು ನಿಂತ ಕಾಲದಲ್ಲಿ ಕಮ್ಮಾರನಾಗಿದ್ದ ಒಬ್ಬ ವ್ಯಕ್ತಿಯ ಗುರುತು. ಅವನ ಮಗಳು ಮುಲ್ಲರನನ್ನು ವರಿಸಿದರೆ ಹೆಸರು ಬದಲಾಯಿತೇ ಹೊರತು ಕುಲಪ್ರಶ್ನೆ ಏಳಲಿಲ್ಲ. ಇಲ್ಲಿಯ ಕಣ್ಣಿನಿಂದ ಅಲ್ಲಿಯ ಹೆಸರನ್ನು ಓದಿದರೆ ಇಲ್ಲದ ಜಾತಿಗಳು ಕಾಣುತ್ತವೆ. ಅಲ್ಲಿಯ ಕಣ್ಣಿನಿಂದ ಇಲ್ಲಿಯ ಹೆಸರನ್ನು ಓದಿದರೆ ಇರುವ ಕಟ್ಟುಗಳು ಕಾಣದೆ ಹೋಗುತ್ತವೆ. ಎರಡೂ ವಿಮರ್ಶೆಗೆ ಹಾನಿಕರವೇ.

೫

ಈ ನಿರ್ಣಯವನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮೂಲಕ ಕನ್ನಡಕ್ಕೆ ಪರಿಚಿತರಾದವರಲ್ಲಿ ವೃತ್ತಿನಾಮಗಳನ್ನು ಹೊತ್ತವರು ಹಲವರು. ಪ್ರಾಚೀನ ಕನ್ನಡಕಾವ್ಯಗಳ ಸಂಕಲನವನ್ನು ಮಾಡಿದ ವುರ್ತ್ ಅವರ ಹೆಸರಿಗೆ ಛತ್ರದ ಯಜಮಾನನೆಂದರ್ಥ. ೧೮೭೦ರಲ್ಲಿ ಕೊಡಗಿನ ವಿವರಗ್ರಂಥವನ್ನು ಬರೆದ ರಿಕ್ಟರ್ ಅವರ ಹೆಸರು ನ್ಯಾಯಾಧೀಶನನ್ನು ಹೇಳುತ್ತದೆ, ಅವರಾದರೋ ಶಾಲಾಧಿಕಾರಿ. ೧೮೯೪ರಲ್ಲಿ ಕನ್ನಡ–ಇಂಗ್ಲಿಷ್ ಮಹಾನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರ ಹೆಸರು ಸಡಿಲವಾದ ಮೇಲಂಗಿಯ ಹೆಸರು; ಅಂಥ ಅಂಗಿಯನ್ನು ಹೊಲಿಯುವವನಿಗೋ ತೊಡುವವನಿಗೋ ಬಂದ ಹೆಸರೆಂದು ತಿಳಿಯಲಾಗಿದೆ.

ಇವರೆಲ್ಲರಲ್ಲಿ ಮನೋಜ್ಞವಾದುದು ಜೀಗ್ಲರ್ ಅವರ ಹೆಸರು. ಇವರು ಕನ್ನಡ ಕಲಿಯುವವರಿಗಾಗಿ ಪುಸ್ತಕವನ್ನೂ ಇಂಗ್ಲಿಷ್–ಕನ್ನಡ ಶಾಲಾನಿಘಂಟನ್ನೂ ರಚಿಸಿದವರು. ಜೀಗ್ಲರ್ ಎಂದರೆ ಹಂಚು ಇಟ್ಟಿಗೆಗಳನ್ನು ಸುಡುವವನು. ಮಂಗಳೂರು ಹಂಚು ಲೋಕಪ್ರಸಿದ್ಧವಾದುದು ಇದೇ ಮಿಷನ್ನಿನ ಕಾರ್ಖಾನೆಯಿಂದ. ಹೆಸರನ್ನು ನಂಬಿ ಊಹಿಸುವವನು ಆ ಕಾರ್ಖಾನೆಯ ಸ್ಥಾಪಕರು ಜೀಗ್ಲರರೇ ಎಂದು ನಿಶ್ಚಯಿಸಿಬಿಡುವನು. ಆದರೆ ೧೮೬೫ರಲ್ಲಿ ಹಂಚಿನ ಕೆಲಸವನ್ನು ಆರಂಭಿಸಿದವರು ಪ್ಲೆಬ್ಸ್ಟ್. ಹಂಚಿನ ಹೆಸರಿನವರು ನಿಘಂಟನ್ನು ಮಾಡಿದರು. ಹೆಸರೂ ಉದ್ಯೋಗವೂ ಇಷ್ಟು ಸಮೀಪಕ್ಕೆ ಬಂದು ಕೂಡದೆ ಹೋದ ನಿದರ್ಶನವು ಇನ್ನೊಂದು ಸಿಕ್ಕುವುದು ಕಷ್ಟ.

ಕಿಟ್ಟೆಲ್ ಅವರ ಜನ್ಮಸ್ಥಳವೂ ಒಂದು ಪಾಠವನ್ನು ಕಲಿಸುತ್ತದೆ. ಅವರು ೧೮೩೨ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಪೂರ್ವ ಫ್ರೀಸಿಯ ಸೀಮೆಯಲ್ಲಿದೆ. ಆ ಸೀಮೆಯ ಜನರಲ್ಲಿ ತಂದೆಯ ಹೆಸರನ್ನೇ ಮಗನ ಹೆಸರಿಗೆ ಜೋಡಿಸುವ ವಾಡಿಕೆ ಇದ್ದು, ತಲೆತಲಾಂತರಕ್ಕೆ ನಿಲ್ಲುವ ಹೆಸರನ್ನು ೧೮೧೧ರಲ್ಲಿ ನೆಪೋಲಿಯನ್ನನ ಆಜ್ಞೆಯಿಂದ ಕಡ್ಡಾಯಮಾಡಲಾಯಿತು. ದಕ್ಷಿಣ ಜರ್ಮನಿಯ ನಗರಗಳಲ್ಲಿ ಹನ್ನೆರಡನೆಯ ಶತಮಾನದಿಂದಲೇ ಮೊದಲಾದ ಪದ್ಧತಿಯು ಇಲ್ಲಿಗೆ ಬರಲು ಹತ್ತೊಂಬತ್ತನೆಯ ಶತಮಾನ ಬೇಕಾಯಿತು. ಆದುದರಿಂದ ಹೆಸರಿನ ಅರ್ಥವನ್ನು ಕೇಳುವ ಮುನ್ನ ಅದು ಯಾವ ಕಾಲದಲ್ಲಿ, ಯಾವ ಸೀಮೆಯಲ್ಲಿ ನಿಂತಿತೆಂದು ಕೇಳಬೇಕು.

೬

ಇದೇ ಪರೀಕ್ಷೆಯನ್ನು ದಕ್ಷಿಣಕನ್ನಡದ ಹೆಸರುಗಳಿಗೆ ಅನ್ವಯಿಸಲು ಬೆಳ್ತಂಗಡಿ ತಾಲೂಕಿನ ಮುಂಡಾಜೆಯು ಯೋಗ್ಯವಾದ ಕ್ಷೇತ್ರ. ಉಜಿರೆಯಿಂದ ಚಾರ್ಮಾಡಿ ಘಟ್ಟಕ್ಕೆ ಹೋಗುವ ಮಾರ್ಗದಲ್ಲಿರುವ ಈ ಊರಿನಲ್ಲಿ ಕೊಂಕಣದಿಂದ ಬಂದು ನೆಲೆಸಿದ ಚಿತ್ಪಾವನ ಮನೆತನಗಳಿವೆ. ಮನೆಯಲ್ಲಿ ಚಿತ್ಪಾವನಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೆಸರುಗಳಾದರೋ ಡೋಂಗ್ರೆ, ಮರಾಠೆ, ಗೋಖಲೆ, ಜೋಶಿ ಮೊದಲಾದುವು. ಅಲ್ಲದೆ, ಇಂಥ ಮನೆತನದವರಲ್ಲಿ ಕೆಲವರು ಲೋಕವ್ಯವಹಾರದಲ್ಲಿ ಭಟ್ಟರೆಂದೇ ಪರಿಚಿತರು.

ಡೋಂಗರವೆಂದರೆ ಮರಾಠಿಯಲ್ಲಿ ಬೆಟ್ಟ. ಮುಂಡಾಜೆಯು ಘಟ್ಟದ ಅಡಿಯಲ್ಲಿರುವುದರಿಂದ ಡೋಂಗ್ರೆ ಎಂಬ ಹೆಸರು ಇಲ್ಲಿಯೇ ಬಂದಿತೆಂದು ಒಬ್ಬನು ವಾದಿಸಬಹುದು. ಧ್ವನಿಯೂ ಸ್ಥಳವೂ ಅವನಿಗೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಆದರೆ ಅದೇ ಹೆಸರು ಮಹಾರಾಷ್ಟ್ರದಲ್ಲಿಯೂ ಬಳಕೆಯಲ್ಲಿರುವುದರಿಂದ ಆ ವಾದವು ಒಡನೆಯೇ ಬೀಳುತ್ತದೆ. ಹೆಸರು ವಲಸೆಗಿಂತ ಹಳೆಯದು. ಅಂತೆಯೇ ಬಂಟ್ವಾಳ ತಾಲೂಕಿನ ಮೂಲರಪಟ್ಣವೆಂಬ ಊರನ್ನು ಯಾರೂ ಜರ್ಮನಿಯ ಗಿರಣಿಯವನಿಗೆ ಸೇರಿಸಲಾರರು. ಆದರೆ ಮೋಕ್ಷಮೂಲರವನ್ನು ಮೋಕ್ಷಕ್ಕೆ ಸೇರಿಸುವ ನ್ಯಾಯವು ಇದಕ್ಕಿಂತ ಬೇರೆಯಲ್ಲ.

ಜೋಶಿ ಎಂಬುದು ನಿಸ್ಸಂದೇಹವಾಗಿ ವೃತ್ತಿನಾಮ. ಜ್ಯೋತಿಷವನ್ನು ಬಲ್ಲವನ ಹೆಸರು. ಅದೇ ಮೂಲದಿಂದ ಕನ್ನಡದಲ್ಲಿ ಜೋಯಿಸ ಎಂಬ ಹೆಸರು ಆಗಿದೆ. ಮುಲ್ಲರ್–ಮೋಲರ್ ಇವುಗಳ ಭೇದವು ಜರ್ಮನಿಯ ಎರಡು ಉಪಭಾಷೆಗಳನ್ನು ತೋರಿಸುವಂತೆ, ಜೋಶಿ–ಜೋಯಿಸ ಇವುಗಳ ಭೇದವು ಮರಾಠಿ ಕನ್ನಡಗಳ ಎರಡು ತದ್ಭವಮಾರ್ಗಗಳನ್ನು ತೋರಿಸುತ್ತದೆ. ಜೋಶಿ ಎಂಬ ಹೆಸರು ಗುಜರಾತ, ಕುಮಾವೂಗಳವರೆಗೂ ಹಬ್ಬಿರುವುದರಿಂದ ಅದು ಒಂದೇ ಮನೆತನದ ಹೆಸರಾಗಿರಲಾರದು. ಪಂಚಾಂಗ ಹೇಳುವವನು ಊರೂರಿಗೂ ಬೇಕಾಗಿದ್ದನು, ಜರ್ಮನಿಯ ಊರಿಗೆ ಬೀಸುವವನು ಬೇಕಾಗಿದ್ದಂತೆ.

ಬೀಸುವವನ ಹೆಸರು ಕರಾವಳಿಯಲ್ಲಿ ಮನೆತನದ ಹೆಸರಾಗಿ ಏಕೆ ಬೆಳೆಯಲಿಲ್ಲವೆಂಬುದಕ್ಕೂ ಇಲ್ಲಿಯೇ ಸಮಾಧಾನವಿದೆ. ಅಕ್ಕಿಯೂಟದ ನಾಡಿನಲ್ಲಿ ಬತ್ತವನ್ನು ಕುಟ್ಟುವುದು ಒನಕೆ ಹಿಡಿದ ಹೆಂಗಸರ ಮನೆಗೆಲಸವಾಗಿತ್ತು. ಎಲ್ಲ ಮನೆಗಳಲ್ಲಿಯೂ ನಡೆಯುವ ಕೆಲಸವು ಒಬ್ಬನ ಗುರುತಾಗಲಾರದು. ಎಣ್ಣೆಯ ಗಾಣವು ಎಲ್ಲ ಮನೆಗಳಲ್ಲಿಯೂ ಇರಲಿಲ್ಲ. ಆದುದರಿಂದ ಗಾಣಿಗಶಬ್ದ ಹುಟ್ಟಿತು.

ವಿಸ್ತಾರದಲ್ಲಿ ಮುಲ್ಲರಿಗೆ ನಿಜವಾಗಿ ಸಮನಾದ ಕರಾವಳಿಯ ಹೆಸರು ಭಟ್ಟ. ಒಡೆಯನೆಂಬರ್ಥದ ಭರ್ತೃಶಬ್ದವು ಪ್ರಾಕೃತಮಾರ್ಗದಿಂದ ಭಟ್ಟವಾಗಿ, ಗೌರವವಾಚಕವಾಗಿ, ಪೌರೋಹಿತ್ಯದ ಗುರುತಾಗಿ, ಕೊನೆಗೆ ಹೆಸರಿನ ಕೊನೆಯಲ್ಲಿ ನಿಂತಿದೆ. ಶಿವಳ್ಳಿ, ಹವ್ಯಕ, ಕರಾಡ, ಚಿತ್ಪಾವನ, ಗೌಡಸಾರಸ್ವತ ಎಂಬ ಬೇರೆ ಬೇರೆ ಸಮುದಾಯಗಳಲ್ಲಿ ಭಟ್ಟರಿದ್ದಾರೆ. ಅವರ ಮನೆಮಾತುಗಳೇ ಒಂದಲ್ಲ. ಭಟ್ಟರು ಭಟ್ಟರೊಡನೆ ಸಂಬಂಧ ಬೆಳೆಸುವಾಗ ಗೋತ್ರವನ್ನು ಕೇಳುವರೇ ಹೊರತು ಹೆಸರು ಒಂದೇ ಎಂದು ಹಿಂಜರಿಯುವುದಿಲ್ಲ. ಹೆಸರಿನ ಐಕ್ಯವು ವಂಶದ ಐಕ್ಯವಲ್ಲವೆಂಬುದನ್ನು ವಿದ್ವಾಂಸರಿಗಿಂತ ಮೊದಲೇ ಲೋಕವು ಅರಿತಿದೆ. ಶಾರ್ಮಣ್ಯದೇಶದ ಮುಲ್ಲರರಿಗೆ ಭಟ್ಟಶಬ್ದವನ್ನು ಕೂಡಿಸಿದ ಪಂಡಿತರು, ತಿಳಿದೋ ತಿಳಿಯದೆಯೋ, ಅಲ್ಲಿಯ ಅತಿಸಾಮಾನ್ಯ ಹೆಸರಿಗೆ ಇಲ್ಲಿಯ ಅತಿಸಾಮಾನ್ಯ ಹೆಸರನ್ನು ಜೋಡಿಸಿದರು.

ಅಧಿಕಾರದ ಹೆಸರು ಮನೆತನದ ಹೆಸರಾಗುವ ಕ್ರಮವು ಚಿತ್ಪಾವನರ ಇತಿಹಾಸದಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಶ್ರೀವರ್ಧನದ ಬಾಳಾಜಿ ವಿಶ್ವನಾಥನ ಮನೆತನದ ಹೆಸರು ಭಟ್. ೧೭೧೩ರಲ್ಲಿ ಅವನಿಗೆ ಪೇಶ್ವೆಪದವಿ ದೊರೆಯಿತು. ಪದವಿಯು ವಂಶಪಾರಂಪರ್ಯವಾದ ಮೇಲೆ ಪೇಶ್ವೆ ಎಂಬುದೇ ಮನೆತನದ ಹೆಸರಾಗಿ ನಿಂತಿತು. ಜರ್ಮನಿಯ ಶುಲ್ಟ್ಸ್, ಮೈಯರ್ ಹೆಸರುಗಳಿಗೆ ಮಧ್ಯಯುಗದಲ್ಲಿ ಆದುದೇ ಇಲ್ಲಿ ದಾಖಲೆಗಳ ಬೆಳಕಿನಲ್ಲಿ ಆಯಿತು.

೭

ಮೇಲೆ ಹೇಳಿದುದರಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮನೆತನದ ಹೆಸರಿನ ವ್ಯುತ್ಪತ್ತಿಗೆ ಅದರ ಪ್ರಸಾರವೇ ಒರೆಗಲ್ಲು. ಹೆಸರು ಎಲ್ಲೆಲ್ಲಿ ಇದೆಯೆಂದು ನೋಡದೆ ಏಕೆ ಬಂದಿತೆಂದು ಹೇಳಕೂಡದು. ಹೆಸರಿನ ಬಾಹುಳ್ಯವು ಕಸುಬಿನವರ ಬಾಹುಳ್ಯಕ್ಕಾಗಲಿ ವಂಶದ ಏಕತ್ವಕ್ಕಾಗಲಿ ಪ್ರಮಾಣವಲ್ಲ. ವೃತ್ತಿನಾಮವು ಹೆಸರು ನಿಂತ ಕಾಲದ ಒಬ್ಬ ಪೂರ್ವಜನ ವಿಷಯದಲ್ಲಿ ಮಾತ್ರ ಸಾಕ್ಷಿ ನುಡಿಯುತ್ತದೆ. ಇಂದು ಅದನ್ನು ಹೊತ್ತವನ ಯೋಗ್ಯತೆ ಅಯೋಗ್ಯತೆಗಳ ವಿಷಯದಲ್ಲಿ ಅದಕ್ಕೆ ಮಾತಿಲ್ಲ.

ಈ ಕೊನೆಯ ಅಂಶವು ಶಬ್ದಶಾಸ್ತ್ರದ ಎಲ್ಲೆಯನ್ನು ಮೀರಿದುದು. ತರಗತಿಯಲ್ಲಿ ಹಾಜರಿಪಟ್ಟಿಯನ್ನು ಓದುವ ಅಧ್ಯಾಪಕನೂ ಗ್ರಂಥದ ಮುಖಪತ್ರವನ್ನು ಓದುವ ವಿಮರ್ಶಕನೂ ಹೆಸರನ್ನು ಕಂಡೊಡನೆ ಮನುಷ್ಯನನ್ನು ಕಂಡೆವೆಂದು ತಿಳಿಯುವ ಅಭ್ಯಾಸಕ್ಕೆ ಸಮಾನವಾಗಿ ಗುರಿಯಾಗಬಲ್ಲರು. ಗಿರಣಿಯವನೆಂಬ ಹೆಸರಿನವರು ವೇದವನ್ನು ಮುದ್ರಿಸಿದರು. ಹಂಚಿನವನೆಂಬ ಹೆಸರಿನವರು ನಿಘಂಟನ್ನು ಬರೆದರು. ಅಂಗಿಯ ಹೆಸರಿನವರು ಕನ್ನಡದ ಶಬ್ದರಾಶಿಯನ್ನೆಲ್ಲ ಒಂದೆಡೆ ಸೇರಿಸಿದರು. ಮೋಕ್ಷಮೂಲರವೆಂಬ ರೂಪವು ಇಂಪಾದುದಾದರೂ, ಮುಲ್ಲರ್ ಎಂಬ ಹಿಟ್ಟಿನ ಹೆಸರಿನಲ್ಲಿಯೇ ಆ ಪಂಡಿತರ ಸಾಧನೆಗೆ ಹೆಚ್ಚಿನ ಗೌರವವಿದೆ.